ಎರಡನೆಯ ಬಿಡುವು

ಸಂಗೀತ ಭವನದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬಾಗಿಲಮ್ಮ ಎಂದೇ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಒಳಗೆ ವಾದ್ಯ ಶುರುವಾಯಿತೆಂದರೆ ಸಾಕ್ಷಾತ್ ಮಂತ್ರಿಯೇ ಬಂದು ನಿಂತರೂ ಬಾಗಿಲು ತೆಗೆಯುವ ಪೈಕಿಯವಳಲ್ಲ. "ಊಟಕ್ಕಾದ್ರೆ ಟೈಮಿಗೆ ಸರಿಯಾಗಿ ಬರ್ತೀರ, ಇಲ್ಲಿಗೆ ಬರೋಕೇನು ಧಾಡಿ?" ಎಂದು ಎಂಥವರನ್ನೂ ಗದರಿಬಿಡುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ ಮಾತ್ರ ಅವಳ ಕಾಲು ನೆಲದ ಮೇಲಿರಲಿಲ್ಲ. ಅಷ್ಟು ದೊಡ್ಡ ಆರ್ಕೆಸ್ಟ್ರಾದ ಮುಂದೆ ಕೂತು ಪಿಯಾನೋ ಕಾನ್ಸರ್ಟೊ ನುಡಿಸುವವಳು ಅವಳ ಸ್ವಂತ ಅಕ್ಕನ ಮಗಳು. ಚಿಕ್ಕಂದಿನಲ್ಲಿ ಆ ಹುಡುಗಿಯನ್ನು ರಿಹರ್ಸಲ್ಲಿಗೆ ಕರೆತಂದು, ಹಿಂದಿನ ಸಾಲಿನಲ್ಲಿ ಕೂರಿಸಿ, ಪಿಯಾನೋ ಹುಚ್ಚು ಹತ್ತಿಸಿದವಳೇ ಈ ಚಿಕ್ಕಮ್ಮ. ಲಾಂಡ್ರಿ ನಡೆಸುತ್ತಿದ್ದ ಅಕ್ಕನಿಗೆ ಅದು ಸುತರಾಂ ಹಿಡಿಸಲಿಲ್ಲ. ಒಮ್ಮೆ ಗಿರಾಕಿಗಳ ಎದುರಿಗೇ, "ನನ್ನ ಮಗಳ ತಲೆ ಕೆಡಿಸ್ಬೇಡ ಕಣೆ. ಹೆತ್ತಿದ್ರೆ ತಾನೇ ನಿಂಗೆ ಗೊತ್ತಾಗೋದು!" ಎಂದುಬಿಟ್ಟಳು. ಮಕ್ಕಳಿಲ್ಲದ ತಂಗಿ ಅವತ್ತಿನಿಂದ ಲಾಂಡ್ರಿಯ ಮೆಟ್ಟಿಲು ಹತ್ತಲಿಲ್ಲ. ಹುಡುಗಿ ಹಟ ಹಿಡಿದು ಕಲಿತಳು, ಬೇರೆ ಊರು ಸೇರಿದಳು, ಹೆಸರು ಮಾಡಿದಳು. ಹೆತ್ತಮ್ಮ ಒಂದು ಸಲವೂ ಕೇಳಲು ಹೋಗಲಿಲ್ಲ.

ಈ ಸಲ ಬರುತ್ತೇನೆ ಎಂದಿದ್ದಳು. ಪಿಯಾನೋದಿಂದ ಕತ್ತು ತಿರುಗಿಸಿದರೆ ಕಾಣುವ ಹಾಗೆ ಮಗಳು ಮುಂದಿನ ಸಾಲಿನಲ್ಲೊಂದು ಕುರ್ಚಿ ಹಿಡಿಸಿಟ್ಟಿದ್ದಳು. "ಚಿಕ್ಕಮ್ಮ, ಅಮ್ಮನ್ನ ನೀನೇ ಕೈಹಿಡಿದು ಕರ್ಕೊಂಬಂದು ಕೂರಿಸ್ಬೇಕು, ಆಯ್ತಾ?"

"ಬಂದ್ರೆ ಕೂರಿಸ್ತೀನಮ್ಮ, ಹೊತ್ಕೊಂಡು ಬರೋಕಂತೂ ಆಗಲ್ಲ" ಎಂದಿದ್ದಳು ಚಿಕ್ಕಮ್ಮ.

ಅಕ್ಕ ಬಂದಳು. ಆದರೆ ಬಾಗಿಲು ಮುಚ್ಚಿ, ಪಿಯಾನೋ ಶುರುವಾದ ಮೇಲೆ ಬಂದಳು. ಉಟ್ಟ ಬಟ್ಟೆಯ ಇಸ್ತ್ರಿ ಒಂದಿಷ್ಟೂ ಮುರಿದಿರಲಿಲ್ಲ, ಕೂದಲು ಮಾತ್ರ ಬೆವರಿಗೆ ಹಣೆಗಂಟಿತ್ತು.

"ಮೆಷಿನ್ ಕೆಟ್ಟು ಕೂತ್ಬಿಡ್ತು ಕಣೆ. ಹೋಟೆಲಿನೋರ ಬೆಡ್‌ಶೀಟೆಲ್ಲ ಒಳಗೇ ಸಿಕ್ಕೊಂಡು..."

"ಈಗ ಬಿಡೋ ಹಾಗಿಲ್ಲ. ಕಾಯ್ಬೇಕು."

ಕಾನ್ಸರ್ಟೊ ಎಂದರೆ ಮೂರು ಭಾಗ. ಒಂದು ಮುಗಿದು ಇನ್ನೊಂದು ಹಿಡಿಯುವ ಮುನ್ನ ಚಿಕ್ಕದೊಂದು ಬಿಡುವು, ಜನ ಕೆಮ್ಮಿ, ಗಂಟಲು ಸರಿಮಾಡಿಕೊಳ್ಳುವಷ್ಟು. ತಡವಾಗಿ ಬಂದವರನ್ನು ಅಷ್ಟರೊಳಗೆ ಒಳಗೆ ದಾಟಿಸಬೇಕು. ಬಾಗಿಲಮ್ಮನಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು.

ಮೊದಲ ಭಾಗ ಮುಗಿಯಿತು. ಒಳಗೆ ಕೆಮ್ಮು ಕೇಳಿಸಿತು. ಅವಳ ಕೈ ಬಾಗಿಲ ಹಿಡಿಕೆಗೆ ಹೋಯಿತು. ಅಷ್ಟರಲ್ಲಿ ಹಾಳಾದ್ದು ಆ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು: ಹೆತ್ತಿದ್ರೆ ತಾನೇ! ಇನ್ನೊಂದು ಸ್ವಲ್ಪ ಹೊತ್ತು ಹೊರಗೆ ನಿಲ್ಲಲಿ, ನಿಲ್ಲುವುದೆಂದರೆ ಏನೆಂದು ಇವಳಿಗೂ ಗೊತ್ತಾಗಲಿ ಎಂದುಕೊಂಡಳು. ಹೇಗೂ ಇನ್ನೊಂದು ಬಿಡುವಿದೆಯಲ್ಲ.

"ಈಗ ಹೋಗ್ಲಾ?" ಎಂದಳು ಅಕ್ಕ.

"ಈಗಲ್ಲ. ಮುಂದಿನ ಸಲ."

"ಸರಿ, ನೀನು ಹೇಳ್ದಾಗ."

ಹುಟ್ಟಿದಾಗಿನಿಂದ ಬರೀ ಅಪ್ಪಣೆ ಕೊಡಿಸಿಯೇ ಗೊತ್ತಿದ್ದ ಅಕ್ಕನ ಬಾಯಲ್ಲಿ ಇಂಥ ಮಾತು! ತಂಗಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಎರಡನೆಯ ಭಾಗ ನಿಧಾನದ್ದು. ಅಕ್ಕ ಬಾಗಿಲಿಗೆ ಕಿವಿಯಾನಿಸಿ ನಿಂತಳು. "ಇದು ಅವಳೇ ನುಡಿಸ್ತಿರೋದಾ?"

"ಹೂಂ, ಅವಳೇ."

"ಇಷ್ಟು ಮೆತ್ತಗೆ? ಮನೇಲಿ ಒಂದು ಪಾತ್ರೆ ಇಟ್ರೂ ಬೀದಿಗೆಲ್ಲ ಕೇಳಿಸ್ತಿತ್ತಲ್ಲೇ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ನಗುತ್ತ ನಗುತ್ತ ಅಕ್ಕನ ಕಣ್ಣು ತುಂಬಿದ್ದನ್ನು ಕಂಡು ತಂಗಿಯ ಸಿಟ್ಟೆಲ್ಲ ಇಳಿದುಹೋಯಿತು. ಕೈಹಿಡಿದು ಕರೆದೊಯ್ದು, ತಾನೇ ಕುರ್ಚಿಯಲ್ಲಿ ಕೂರಿಸಬೇಕು ಎಂದು ಬಾಗಿಲ ಹಿಡಿಕೆ ಹಿಡಿದೇ ಕಾದಳು.

ಪಿಯಾನೋ ಸಣ್ಣಗಾಗುತ್ತ ಬಂತು. ಇನ್ನೇನು ನಿಂತಿತು ಎನ್ನುವಾಗ, ಉಸಿರೂ ಬಿಡದೆ, ದಡಬಡನೆ ಮೂರನೆಯ ಭಾಗಕ್ಕೆ ಹಾರಿಬಿಟ್ಟಿತು. ಬಿಡುವೇ ಬರಲಿಲ್ಲ.

ಕಿವಿಗೆ ಹಾಕಿಕೊಳ್ಳದೆ ಬಿಟ್ಟಿದ್ದ ಮಾತು ಈಗ ತಂಗಿಗೆ ನೆನಪಾಯಿತು. ಬಾಗಿಲು ಕಾಯುವವರನ್ನೆಲ್ಲ ಸೇರಿಸಿ ಮ್ಯಾನೇಜರ್ ಆಗಲೇ ಹೇಳಿದ್ದರು, ಇವತ್ತಿನ ಕಾನ್ಸರ್ಟೊದಲ್ಲಿ ಕೊನೆಯ ಎರಡು ಭಾಗ ಅಂಟಿಕೊಂಡಿವೆ, ಬಿಡುವು ಒಂದೇ ಎಂದು. ಆ ಹೊತ್ತಿನಲ್ಲಿ ಇವಳು ಪಕ್ಕದವಳ ಕಿವಿಯಲ್ಲಿ ಅಕ್ಕನ ಮಗಳ ಗುಣಗಾನ ಮಾಡುತ್ತಿದ್ದಳು. ಈಗ ಬಾಗಿಲು ತೆಗೆದರೆ ಹೊರಗಿನ ಬಿಸಿಲು ನೇರ ಪಿಯಾನೋ ಮೇಲೆ ಬೀಳುತ್ತದೆ. ನುಡಿಸುವ ಕೈ ತಪ್ಪಿದರೆ ಯಾರು ಗತಿ?

"ಅಕ್ಕ, ಇನ್ನು ಬಿಡುವಿಲ್ಲ. ಆಗ್ಲೇ ಬಿಡಬಹುದಿತ್ತು. ನಾನೇ ಬೇಕಂತ ಬಿಡ್ಲಿಲ್ಲ."

ಅಕ್ಕ ಬಾಗಿಲಿನಿಂದ ಕಿವಿ ತೆಗೆಯಲಿಲ್ಲ. "ಗೊತ್ತಾಯ್ತು ಬಿಡು. ನಾನೂ ಅವತ್ತು ಆ ಮಾತು ಆಡಬಾರದಿತ್ತು."

ಒಳಗೆ ಚಪ್ಪಾಳೆ ಸೂರು ಹಾರಿಹೋಗುವಂತೆ ಬಿತ್ತು.

ವಿರಾಮದಲ್ಲಿ ಪಿಯಾನೋವನ್ನು ಪಕ್ಕಕ್ಕೆ ತಳ್ಳಿದರು. ಆಮೇಲಿನದು ಸಿಂಫನಿ, ಅದರಲ್ಲಿ ಮಗಳಿಗೆ ಕೆಲಸವಿಲ್ಲ. ಅಕ್ಕ ತನಗಿಟ್ಟ ಕುರ್ಚಿಯಲ್ಲಿ ಕೂತು, ಯಾರ್ಯಾರೋ ನುಡಿಸಿದ್ದನ್ನು ಕೊನೆಯತನಕ ಕೇಳಿದಳು.

ಎಲ್ಲ ಮುಗಿದು ಜನ ಕರಗಿದ ಮೇಲೆ ಹುಡುಗಿ ಬಾಗಿಲ ಬಳಿ ಬಂದಳು. ಅಲ್ಲಿ ಅಮ್ಮನೂ ಚಿಕ್ಕಮ್ಮನೂ ನಿಂತಿದ್ದರು.

"ನುಡಿಸ್ತಾ ನುಡಿಸ್ತಾ ತಿರುಗಿ ನೋಡ್ದೆ ಕಣಮ್ಮ. ಕುರ್ಚಿ ಖಾಲಿ ಇತ್ತು."

ಚಿಕ್ಕಮ್ಮ ಬಾಯಿ ತೆರೆಯುವುದರೊಳಗೆ ಅಕ್ಕನೇ ಅಂದಳು: "ಲಾಂಡ್ರೀಲಿ ಕೆಲ್ಸ ಕಣೆ. ನಾನೇ ತಡ ಮಾಡ್ಕೊಂಡೆ."

"ಇವತ್ತೂ ನಿಂಗೆ ಲಾಂಡ್ರಿನೇ ಹೆಚ್ಚಾಯ್ತಲ್ಲ!" ಎಂದಳು ಹುಡುಗಿ. ತಿರುಗಿ ಚಿಕ್ಕಮ್ಮನ ಕೊರಳಿಗೆ ಜೋತುಬಿದ್ದಳು. "ನೀನೊಬ್ಬಳಾದ್ರೂ ಇದ್ಯಲ್ಲ. ಚಿಕ್ಕಮ್ಮ, ನೀನೇ ನನ್ನಮ್ಮ."

ಈ ಒಂದು ಮಾತಿಗಾಗಿ ಚಿಕ್ಕಮ್ಮ ಎಷ್ಟು ವರ್ಷ ಹಂಬಲಿಸಿದ್ದಳೋ. ಹುಡುಗಿಯ ಹೆಗಲಾಚೆ ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅಮ್ಮನನ್ನು ಹೊರಗೆ ನಿಲ್ಲಿಸಿದ್ದು ನಾನೇ ಎಂದು ಹೇಳು, ಈಗಲೇ ಹೇಳಿಬಿಡು ಎಂದು ಜೀವ ಒದ್ದಾಡಿತು. ಹೇಳಲಿಲ್ಲ. ಹುಡುಗಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು.