ಮೆಟ್ಟಿಲು ಹತ್ತಬೇಕೋ ಬೇಡವೋ

ಮಂಡಿನೋವಿನವರು ಮೆಟ್ಟಿಲು ಹತ್ತುವುದನ್ನು ಬಿಡಬೇಕೇ ಎಂಬುದಕ್ಕೆ ತಜ್ಞರ ಒಮ್ಮತ ಹುಡುಕುವ ಸಂಶೋಧನೆ ಅದು. ಯಾರು ಏನು ಹೇಳಿದರೆಂದು ಯಾರಿಗೂ ತಿಳಿಯುವುದಿಲ್ಲ. ಪ್ರತಿ ಸುತ್ತಿನ ಬಳಿಕ ಉಳಿದವರ ಒಲವನ್ನೂ ಕಾರಣಗಳನ್ನೂ ನೋಡಿ ಉತ್ತರ ಬದಲಿಸಬಹುದು. ಮಲಾಡಿನ ಫಿಸಿಯೋಥೆರಪಿಸ್ಟ್ ಧಾತ್ರಿ ಮೊದಲ ಸುತ್ತಿನಲ್ಲಿ ‘ಬಿಡಬಾರದು’ ಎಂದಿದ್ದಳು. ಉಳಿದವರೆಲ್ಲ ‘ಬಿಡಬೇಕು’ ಎಂದಿದ್ದನ್ನು ಕಂಡು, ಅಷ್ಟು ದೊಡ್ಡವರ ನಡುವೆ ತನ್ನದೇನು ಅಧಿಕಪ್ರಸಂಗ ಎಂದುಕೊಂಡು, ಎರಡನೇ ಸುತ್ತಿನಲ್ಲಿ ತೆಪ್ಪಗೆ ಅವರ ಕಡೆ ಸೇರಿದಳು.

ಆ ಸುತ್ತು ಮುಗಿದು ನೋಡಿದರೆ ಉಳಿದವರೆಲ್ಲರೂ ‘ಬಿಡಬಾರದು’ ಎನ್ನುತ್ತಿದ್ದಾರೆ. ಅವಳು ಮತ್ತೆ ಒಂಟಿ. ತಲೆಬುಡ ತಿಳಿಯದೆ, ಸಂಶೋಧನೆ ನೋಡಿಕೊಳ್ಳುವ ಉಡುಪಿ ಕಡೆಯ ಮನೀಶನ ಅಂಧೇರಿಯ ಆಫೀಸಿಗೆ ಫೋನ್ ಮಾಡಿದಳು.

“ನಾನು ಅವರ ಕಡೆ ಹೋದ್ರೆ ಅವರು ಯಾಕೆ ಮನೀಶ್ ಈ ಕಡೆ ಬಂದ್ರು?”

“ಒಂದು ಕಮೆಂಟ್ ಓದಿ ಎಲ್ಲರೂ ಬದಲಾದದ್ದು ಮೇಡಂ. ಯಾರದ್ದಂತ ನನಗೂ ಗೊತ್ತಿಲ್ಲ. ನೀವು ಅದನ್ನು ಓದಿಲ್ಲ ಅಂತ ಕಾಣ್ತದೆ, ಕೇಳಿ.” ಅವನು ಓದಿದ: ‘ಸ್ಟೇಷನ್ನಿನ ಬ್ರಿಜ್ ಹತ್ತದೆ ಈ ಊರಲ್ಲಿ ಬದುಕುವುದು ಹೇಗೆ? ಬಿಡಿಸಬೇಡಿ, ಹತ್ತುವ ಬಗೆ ಕಲಿಸಿ.’

ಮೊದಲ ಸುತ್ತಿನಲ್ಲಿ ಕಾರಣವಾಗಿ ಅವಳೇ ಬರೆದ ಮಾತು.

“ಈಗಾದರೂ ಒಪ್ತೀರಾ ಮೇಡಂ?”

“ಉಳಿದವರು ಈ ಸಲ ಏನಂತಾರೋ ನೋಡಿ ಹೇಳ್ತೀನಿ,” ಎಂದಳು ಧಾತ್ರಿ.