ಒಂಬತ್ತನೆಯ ಪ್ಯಾರಾ

"ಮುಂದಕ್ಕೆ ಓದ್ಬೇಡಿ ಮೇಡಂ. ಆ ಒಂಬತ್ತನೇದು ಇನ್ನೊಂದ್ಸಲ ಓದಿ."

ವಕೀಲೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ವೈದ್ಯರ ಮೇಲಿನ ದೂರಿಗೆ ಅವನು ಸಹಿ ಹಾಕಬೇಕಿದ್ದ ಪ್ರಮಾಣಪತ್ರದ ಹಾಳೆಯನ್ನು ಹಿಂದಕ್ಕೆ ತಿರುವಿದಳು. "'ಬೆಳಗಿನಿಂದ ಮೂತ್ರ ವಿಸರ್ಜನೆ ಆಗಿಲ್ಲವೆಂದೂ ಕೂರುವ ಜಾಗ ಮರಗಟ್ಟಿದೆಯೆಂದೂ ನಾನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿದೆನು.' ಸರಿಯಾಗೇ ಇದೆಯಲ್ಲ?"

ಬಸ್ ಚಾಲಕ ಮೇಜಿನ ಅಂಚನ್ನು ಹಿಡಿದುಕೊಂಡು ಕುಳಿತಿದ್ದ. ಈಗ ಅವನು ಬಸ್ ಓಡಿಸುತ್ತಿರಲಿಲ್ಲ; ಡಿಪೋದ ಒಂದು ಕೋಣೆಯಲ್ಲಿ, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲಗಳಿಗೆ ಚೀಟಿ ಕಟ್ಟುತ್ತಿದ್ದ. ಎರಡು ವರ್ಷಗಳ ಹಿಂದೆ ಅವನ ಸೊಂಟದ ಡಿಸ್ಕ್ ಒಂದು ಜಾರಿ, ಬೆನ್ನುಹುರಿಯ ತುದಿಯಿಂದ ಕುದುರೆಯ ಬಾಲದಂತೆ ಇಳಿಯುವ ನರಗಳ ಕಟ್ಟನ್ನು ಅದುಮಿತ್ತು. ಒತ್ತಡವನ್ನು ಬೇಗ ತೆಗೆದರೆ ಕಾಲು, ಮೂತ್ರಕೋಶ ಎರಡೂ ಬಹುಮಟ್ಟಿಗೆ ಉಳಿಯಬಹುದು. ಅವನಿಗೆ ಶಸ್ತ್ರಚಿಕಿತ್ಸೆ ಆದದ್ದು ಮೂರನೆಯ ದಿನ. ಈಗ ನಡೆಯುವಾಗ ಎಡಪಾದ ಮೇಲೇಳದೆ ಬೆರಳು ನೆಲಕ್ಕೆ ತಾಗುತ್ತದೆ. ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿಕೊಂಡು, ಸಣ್ಣ ನಳಿಕೆ ಹಾಕಿ ಮೂತ್ರ ತೆಗೆಯಬೇಕು.

ಮೊದಲ ದಿನದ ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ಸೊಂಟನೋವು. ಮೂತ್ರ: ತೊಂದರೆ ಇಲ್ಲ. ಅದಕ್ಕೆ ಎದುರಾಗಿ ನಿಂತಿದ್ದದ್ದು ಈ ಒಂಬತ್ತನೆಯ ಪ್ಯಾರಾ.

"ಹಾಗೆ ನಾನು ಹೇಳ್ಲಿಲ್ಲ," ಎಂದ.

ಪಕ್ಕದಲ್ಲಿ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. "ಏನ್ರೀ ಹಾಗಂದ್ರೆ? ನಾನು ಹೊರಗೆ ಕ್ಯೂನಲ್ಲಿದ್ದೆ. ಆಪರೇಷನ್ ಆದ್ಮೇಲೆ ನೀವೇ ಅಲ್ವಾ ಅಂದಿದ್ದು? ಎಲ್ಲಾ ಹೇಳ್ದೆ ಕಣೇ, ಆ ಮಹಾರಾಯ ಕಿವಿಗೇ ಹಾಕ್ಕೊಳ್ಲಿಲ್ಲ ಅಂತ?"

"ಅಂದೆ."

"ಎರಡು ವರ್ಷದಿಂದ ಆ ಡಾಕ್ಟ್ರ ವಂಶಾನೇ ಜಾಲಾಡ್ತಿದ್ದೀನಲ್ರೀ ನಾನು!"

"ಗೊತ್ತು."

ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು. "ಅವರು ಏನು ಕೇಳಿದ್ರು, ನೀವು ಏನಂದ್ರಿ? ಇದ್ದದ್ದು ಇದ್ದಹಾಗೆ ಹೇಳಿ."

"'ಯೂರಿನ್‌ಗೆ ತೊಂದ್ರೆ ಇದ್ಯಾ' ಅಂದ್ರು. 'ನಾವು ಬಸ್ ಓಡಿಸೋರು ಡಾಕ್ಟ್ರೇ, ಡಿಪೋ ಬಿಟ್ರೆ ಡಿಪೋ ಸೇರೋವರ್ಗೂ ನಲ್ಲಿ ಬಂದ್' ಅಂದೆ. ಅವರು ಬರ್ಕೊಂಡ್ರು."

ಇಪ್ಪತ್ತೆರಡು ವರ್ಷ ಅವನು ಹಾಗೇ ದುಡಿದಿದ್ದ. ಪಾಳಿಗೆ ಮುಂಚೆ ಅರ್ಧ ಲೋಟ ನೀರು, ಅಷ್ಟೇ. ಬಸ್ ತಿರುಗಿಸುವ ಜಾಗಗಳಲ್ಲಿ ಶೌಚಾಲಯ ಇರುತ್ತಿರಲಿಲ್ಲ, ಇದ್ದರೂ ಸಮಯ ಇರುತ್ತಿರಲಿಲ್ಲ. ಹೆಚ್ಚು ಹೊತ್ತು ತಡೆಯುವವನಿಗೆ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಒಂದು ಬಗೆಯ ಮರ್ಯಾದೆಯೂ ಇತ್ತು. ಆದ್ದರಿಂದ ಆ ದಿನ ಸಂಜೆಯವರೆಗೂ ಮೂತ್ರ ಬರದಿದ್ದಾಗ ಅವನಿಗೆ ಅದು ರೋಗ ಅನ್ನಿಸಲಿಲ್ಲ. ಅದುಮಿದ ನರ ಕೆಲವೊಮ್ಮೆ ನೋಯುವುದೇ ಇಲ್ಲ, ಸುಮ್ಮನಾಗಿಬಿಡುತ್ತದೆ. ಆ ಮೌನವನ್ನು ಅವನು ತನ್ನ ಅಭ್ಯಾಸದ ಲೆಕ್ಕಕ್ಕೆ ಸೇರಿಸಿಕೊಂಡಿದ್ದ.

"ಕೊನೇಸಲ ಯಾವಾಗ ಹೋಗಿದ್ರಿ ಅಂತ ಕೇಳಿದ್ರಾ?"

"ಇಲ್ಲ."

"ಹೊಟ್ಟೆ ಒತ್ತಿ ನೋಡಿದ್ರಾ? ಮುಟ್ಟಿದ್ದು ಗೊತ್ತಾಗುತ್ತಾ ಅಂತ ಪರೀಕ್ಷೆ?"

"ಏನೂ ಇಲ್ಲ. ಮರಗಟ್ಟಿದೆಯಾ ಅಂತ ಕೇಳಿದ್ರೆ ಹೇಳ್ತಿದ್ದೆ." ಆಮೇಲೆ ಸೇರಿಸಿದ: "ನರ್ಸಮ್ಮ ಒಬ್ರು ಪಕ್ಕದಲ್ಲೇ ನಿಂತಿದ್ರು. ಹೇಳ್ತಿದ್ನೋ ಇಲ್ವೋ."

ವಕೀಲೆ ಆಸ್ಪತ್ರೆಯ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಡಾಕ್ಟರ್ ಪರೀಕ್ಷೆ ಮಾಡ್ಲಿಲ್ಲ ಅನ್ನೋದು ಉಳಿಯುತ್ತೆ. ಆದ್ರೆ ತೊಂದ್ರೆ ಇಲ್ಲ ಅಂದವನು ನೀನೇ ಅಲ್ವಾ ಅಂತ ಅವರ ವಕೀಲರು ನಿಮ್ಮನ್ನ ಹಿಂಡಿ ಹಿಪ್ಪೆ ಮಾಡ್ತಾರೆ. ಕೇಸ್ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ."

"ಆ ಪ್ಯಾರಾ ಇದ್ದಹಾಗೇ ಇರ್ಲಿ ಬಿಡಿ ಮೇಡಂ," ಎಂದಳು ಹೆಂಡತಿ. "ಅವತ್ತು ಒಳಗೆ ಏನು ಮಾತಾಯ್ತು ಅಂತ ಈಗ ಯಾರಿಗೆ ನೆನಪಿರುತ್ತೆ?"

"ನಂಗಿದೆ ಕಣೇ," ಎಂದ ಅವನು.

ವಕೀಲೆ ಸ್ಕೇಲ್ ಇಟ್ಟು ಒಂಬತ್ತನೆಯ ಪ್ಯಾರಾದ ಮೂರೂ ಸಾಲುಗಳನ್ನು ಹೊಡೆದುಹಾಕಿದಳು. ಹೊಸ ಪ್ರತಿ ನಾಡಿದ್ದು ಸಿಗುತ್ತದೆ, ಬಂದು ಸಹಿ ಹಾಕಿ ಎಂದಳು.

ಎರಡು ಮಹಡಿ ಇಳಿಯುವಾಗ ಹೆಂಡತಿ ಎಂದಿನಂತೆ ಒಂದು ಮೆಟ್ಟಿಲು ಮುಂದಿದ್ದಳು. ಬಸ್ ನಿಲ್ದಾಣದ ನೆರಳಿನಲ್ಲಿ ನಿಂತು ರಿಪೋರ್ಟಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ನಲ್ಲಿ ಬಂದ್ ಅಂದಾಗ ಡಾಕ್ಟ್ರು ನಕ್ರಾ?" ಎಂದಳು ಕೊನೆಗೆ.

"ಹ್ಞೂಂ."

"ನೀವೂ ನಕ್ರಾ?"

"ನಾನೇ ಮೊದಲು ನಕ್ಕಿದ್ದು."

ಬಸ್ ಬಂತು. ಅವಳು ಹತ್ತಿ, ಬಾಗಿಲ ಕಂಬ ಹಿಡಿದು ಹಿಂದಕ್ಕೆ ತಿರುಗಿ ನಿಂತಳು. ಅವನು ಬಲಗಾಲು ಇಟ್ಟ. ಆ ಬಸ್ಸಿನ ಚಾಲಕ ಕನ್ನಡಿಯಲ್ಲಿ ನೋಡುತ್ತಿದ್ದ. ಇವನ ಎಡಗಾಲು ಮೇಲಕ್ಕೆ ಬರುವವರೆಗೂ ಆತ ಗೇರ್ ಹಾಕಲಿಲ್ಲ.