ಗುಂಡಿ ಡಬ್ಬಿಯಲ್ಲಿದ್ದ ಪೆನ್‌ಡ್ರೈವ್

ಪುಟ್ಟಿಗೆ ನಲವತ್ತೇಳು ತುಂಬಿದರೂ ಮನೆಯಲ್ಲಿ ಅವಳಿನ್ನೂ ಪುಟ್ಟಿಯೇ. ಅಕ್ಕನಿಗೆ ಮೊದಲು ಹೊಟ್ಟೆ ಉರಿಯುತ್ತಿದ್ದುದೇ ಅದಕ್ಕೆ. ತಾನೋ, ಬುದ್ಧಿ ಬಂದಾಗಿನಿಂದ ಬರೀ ಅಕ್ಕ. ತನ್ನನ್ನು ಯಾರೂ ಮುದ್ದಿನ ಹೆಸರಿನಿಂದ ಕರೆದದ್ದಿಲ್ಲ.

ಅಕ್ಕ ಬಟ್ಟೆ ಹೊಲಿಯುವವಳು. ಪುಟ್ಟಿ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಇಬ್ಬರ ನಡುವೆ ಹುಟ್ಟಿದ ತಮ್ಮ ರೇಡಿಯೋ ರಿಪೇರಿ ಮಾಡುತ್ತಿದ್ದ. ಮೂವರೂ ಮದುವೆಯ ಗೋಜಿಗೆ ಹೋಗದೆ ಒಂದೇ ಸೂರಿನಡಿ ಉಳಿದಿದ್ದರು. ತಮ್ಮನಿಗೆ ಶರ್ಟು ಹಾಕಿ, ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಈಗ ಅವನಿಗೆ ಏನೇ ಸಂಶಯ ಬಂದರೂ ಬಾಯಿಗೆ ಬರುವುದು ಪುಟ್ಟಿಯ ಹೆಸರು.

ಆ ವರ್ಷ ಹಳೆಯ ಕಂಪ್ಯೂಟರೊಂದನ್ನು ಮೆಟ್ಟಿಲ ಕೆಳಗಿಟ್ಟು ಮನೆಯ ಸರ್ವರ್ ಮಾಡಲು ತಮ್ಮ ಹೊರಟ. ಫೋಟೋಗಳು, ಅಮ್ಮ ಮಾತಾಡಿದ ಹಳೆಯ ಕ್ಯಾಸೆಟ್ಟುಗಳು, ಎಲ್ಲ ಒಂದು ಕಡೆ ಇರಬೇಕು, ಯಾವ ಕೋಣೆಯಿಂದಲಾದರೂ ಕೇಳಲು ಸಿಗಬೇಕು ಎಂದು ಅವನ ಆಸೆ.

"ಇದನ್ನ ಎಬ್ಬಿಸೋಕೆ ಒಂದು ಪೆನ್‌ಡ್ರೈವ್ ಬೇಕು," ಎಂದ.

"ನಾನು ತರ್ತೀನಿ," ಎಂದಳು ಅಕ್ಕ, ಪುಟ್ಟಿ ಬಾಯಿ ತೆರೆಯುವ ಮೊದಲೇ.

ಅಂಗಡಿಯಾತ ಅವಳಿಗೆ ಸ್ಟೂಲು ಹಾಕಿ, ಬೇಸರಿಸದೆ ಒಂದೊಂದಾಗಿ ತೋರಿಸಿದ. ಅಕ್ಕ ಎಲ್ಲಕ್ಕಿಂತ ಉದ್ದನೆಯ, ಮಿರಮಿರ ಮಿಂಚುವ, ಎಲ್ಲಕ್ಕಿಂತ ವೇಗದ್ದನ್ನು ಆರಿಸಿ ತಂದಳು.

ತಮ್ಮ ಅದನ್ನು ತಿರುಗಿಸಿ ನೋಡಿದ. "ಚೆನ್ನಾಗಿದೆ ಅಕ್ಕ. ಆದ್ರೆ ಇದಕ್ಕೆ ವೇಗ ಬೇಕಿಲ್ಲ. ವರ್ಷಗಟ್ಟಲೆ ಚುಚ್ಚಿಕೊಂಡೇ ಇರುತ್ತೆ, ಬಿಸಿ ಆಗಬಾರದು. ಇಷ್ಟುದ್ದ ಇದ್ರೆ ಪೊರಕೆ ತಾಗಿ ಮುರಿಯುತ್ತೆ."

ಪುಟ್ಟಿ ಸದ್ದಿಲ್ಲದೆ ತನ್ನ ಚೀಲದಿಂದ ಉಗುರಿನಷ್ಟು ಚಿಕ್ಕದೊಂದನ್ನು ತೆಗೆದು ಕೊಟ್ಟಳು. ಹಳೆಯದು, ನಿಧಾನದ್ದು.

"ಇದೇ ನೋಡು ಬೇಕಾಗಿದ್ದು!" ಎಂದು ತಮ್ಮ ಕುಣಿದ.

ಅಕ್ಕ ನಕ್ಕಳು. ಒಳಗೆ ಮಾತ್ರ ಮೆಣಸಿನಕಾಯಿ ಅರೆದಂತಾಯಿತು.

ಮರುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮೆಟ್ಟಿಲ ಕೆಳಗೆ ಬಗ್ಗಿ ಆ ಉಗುರನ್ನು ಎಳೆದು ತೆಗೆದೇ ಬಿಟ್ಟಳು. ನಿಲ್ಲಲಿ, ಪುಟ್ಟಿ ಕೊಟ್ಟದ್ದು ಕೈಕೊಟ್ಟಿತು ಎಂದಾಗಲಿ! ಯಂತ್ರ ನಿಲ್ಲಲಿಲ್ಲ. ಗುಂಯ್ ಎನ್ನುತ್ತಲೇ ಇತ್ತು. ಅಕ್ಕ ಡ್ರೈವನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿದಳು. ಸಂಜೆ ಎಂದಿನಂತೆ ಅಮ್ಮನ ದನಿ ಕೇಳಿಸಿತು. ಮರುದಿನವೂ ಕೇಳಿಸಿತು.

ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದಳು: "ಆ ಚಿಕ್ಕದು ಯಾವಾಗಲೂ ಬೇಕೇ ಬೇಕಾ?"

"ಏಳುವಾಗ ಮಾತ್ರ ಅಕ್ಕ. ಒಂದು ಸಲ ಎದ್ದರೆ ಎಲ್ಲಾ ನೆನಪಲ್ಲಿಟ್ಕೊಂಡು ಓಡುತ್ತೆ. ಭಾನುವಾರ ವೈರಿಂಗ್‌ನವನು ಬಂದು ಕರೆಂಟ್ ತೆಗೀತಾನಲ್ಲ, ಆಮೇಲೆ ಮತ್ತೆ ಎಬ್ಬಿಸಬೇಕು."

ಅಕ್ಕ ತಟ್ಟೆ ಎತ್ತಿಕೊಂಡು ಎದ್ದಳು. ಶನಿವಾರ ವಾಪಸು ಇಟ್ಟುಬಿಡುತ್ತೇನೆ ಎಂದುಕೊಂಡಳು. ಆದರೆ ವೈರಿಂಗ್‌ನವನು ಶನಿವಾರ ಬೆಳಿಗ್ಗೆಯೇ ಬಂದು ನಿಂತ. ಕೆಲಸ ಮುಗಿಯುವವರೆಗೂ ತಮ್ಮ ಮೆಟ್ಟಿಲ ಬಳಿಯಿಂದ ಕದಲಲಿಲ್ಲ.

ಕರೆಂಟ್ ಬಂತು. ತಮ್ಮ ಗುಂಡಿ ಒತ್ತಿದ. ಪರದೆ ಕಪ್ಪಗೇ ಉಳಿಯಿತು. ಬಗ್ಗಿ ಕೈಯಾಡಿಸಿದ.

"ಅರೆ, ಡ್ರೈವೇ ಇಲ್ಲ! ಯಾರು ತೆಗೆದಿದ್ದು?"

ಅಮ್ಮ ಹೋದ ಮೇಲೆ ತಮ್ಮ ಅಕ್ಕನ ಮೇಲೆ ದನಿ ಎತ್ತಿದ್ದೇ ಇಲ್ಲ. ಇನ್ನು ಮೇಲೆ ಅವನು ತನ್ನನ್ನು ಯಾವ ಕಣ್ಣಿನಿಂದ ನೋಡುತ್ತಾನೋ!

"ನಾನೇ ಅಣ್ಣ," ಎಂದಳು ಪುಟ್ಟಿ, ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ. "ಇನ್ನೊಂದು ನಕಲು ಮಾಡಿಡೋಣ ಅಂತ ತೆಗೆದೆ. ಚಿಕ್ಕದು, ಕಳೆದುಹೋಗುತ್ತೆ ಅಂತ ಅಕ್ಕನ ಗುಂಡಿ ಡಬ್ಬಿಗೆ ಹಾಕಿದ್ದೆ. ಅಕ್ಕ, ನಿನ್ನ ಉದ್ದದ್ದು ಕೊಡು. ನಕಲು ಅದರಲ್ಲಿರಲಿ."

"ಹೇಳಿ ತೆಗೀಬಾರದಾ, ಕಪಿ?" ಎಂದು ತಮ್ಮ ಗದರಿದ. ಪುಟ್ಟಿ ಬೈಸಿಕೊಂಡಳು.

ಡ್ರೈವ್ ಹಾಕಿದೊಡನೆ ಯಂತ್ರ ಎದ್ದಿತು. ಅಮ್ಮನ ದನಿ ಹಾಕಿದ ತಮ್ಮ. ಅಕ್ಕ ಪುಟ್ಟಿಯ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಅವತ್ತೇ. ನನ್ನ ಲ್ಯಾಬ್ ಕೋಟ್‌ಗೆ ಗುಂಡಿ ಬೇಕಿತ್ತು. ನಿಂಗೆ ಮೂರು ವಾರದಿಂದ ಹೇಳ್ತಾನೇ ಇದ್ದೆನಲ್ಲ. ಡಬ್ಬಿ ತೆಗೆದೆ."

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ?"

"ನೀನೇ ವಾಪಸು ಇಡ್ತೀಯ ಅಂತ ಕಾದೆ."

ಅಕ್ಕನಿಗೆ ಅಳು ಬರಬೇಕಿತ್ತು. ಬಂದದ್ದು ಮತ್ತದೇ ಉರಿ. ಒಳ್ಳೆಯತನದಲ್ಲೂ ಇವಳೇ ಮುಂದೆ! ಗೂಟದಿಂದ ಪುಟ್ಟಿಯ ಬಿಳಿ ಕೋಟನ್ನು ಎಳೆದುಕೊಂಡು ಕಿಟಕಿಯ ಬಳಿ ಕೂತಳು. ಕೆಳಗಿನ ಗುಂಡಿ ಸಡಿಲವಾಗಿ ನೇತಾಡುತ್ತಿತ್ತು. ಇನ್ನು ಹತ್ತು ವರ್ಷ ಕಿತ್ತುಬರದಂತೆ ಹೊಲಿದು, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು.

"ಇದಾದ್ರೂ ನಿಂಗೆ ಬರಲ್ಲ, ಅಲ್ವಾ?"

"ಬರಲ್ಲ ಅಕ್ಕ," ಎಂದಳು ಪುಟ್ಟಿ.

ಮೇಲಿನ ಗುಂಡಿಯನ್ನು ಅವಳೇ ಹೊಲಿದುಕೊಂಡಿದ್ದಳು. ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಾಳೆ ಎಂಬುದು ಅಕ್ಕನಿಗೆ ಕಿಟಕಿಯ ಬೆಳಕಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಕಾಣದವಳಂತೆ ಕೋಟನ್ನು ಮಡಚಿ ಕೊಟ್ಟಳು.